ಹೊಸತು ನಮ್ಮದಾಗುವ ಬಗೆ

ಹಳೆಯದನ್ನು ಪ್ರೀತಿಸುವುದು ಸುಲಭ. ಅಜ್ಜನ ಕಾಲದಿಂದ ನಡೆದುಬಂದ ನೇಮಕ್ಕೆ, ಉರೂಸಿಗೆ, ತೇರಿಗೆ ಹೊರಟವರನ್ನು ಯಾಕೆ ಹೋಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನಾವೂ ನಮ್ಮನ್ನು ಕೇಳಿಕೊಳ್ಳುವುದಿಲ್ಲ. ಹಿರಿಯರು ನಡೆದು ಸವೆಸಿದ ದಾರಿಯಲ್ಲಿ ಕಾಲು ತಾನಾಗಿ ಸಾಗುತ್ತದೆ. ಆದರೆ ಮೊನ್ನೆ ಮೊನ್ನೆ ಹುಟ್ಟಿದ, ಹೇಳಿಕೊಳ್ಳಲು ಹಿನ್ನೆಲೆಯಿಲ್ಲದ, ನಾಳೆ ಇರುತ್ತದೋ ಇಲ್ಲವೋ ತಿಳಿಯದ ಒಂದು ಸಂಸ್ಥೆಯನ್ನು ‘ನಮ್ಮದು’ ಎನ್ನುವುದು ಹೇಗೆ? ಆ ಮಾತು ಬಾಯಿಗೆ ಬರುವ ಮೊದಲು ನಮ್ಮೊಳಗೆ ಏನು ನಡೆದಿರಬೇಕು?

ಕುದ್ರೋಳಿಯವರಾದ ನಮಗೆ ಈ ಪ್ರಶ್ನೆ ತೀರಾ ಹೊರಗಿನದಲ್ಲ. ಕರಾವಳಿಯ ದೇವಸ್ಥಾನಗಳ ಸಾಲಿನಲ್ಲಿ ನಮ್ಮ ಗೋಕರ್ಣನಾಥೇಶ್ವರ ಕ್ಷೇತ್ರ ಎಳೆಯದು. ಬೇರೆ ಗುಡಿಗಳ ಬಾಗಿಲು ತಮಗೆ ಮುಚ್ಚಿದ್ದಾಗ ಬಿಲ್ಲವ ಹಿರಿಯರು ನಾರಾಯಣ ಗುರುಗಳ ಬಳಿಗೆ ಹೋದರು. 1912ರಲ್ಲಿ ಗುರುಗಳ ಕೈಯಿಂದ ಇಲ್ಲಿ ಪ್ರತಿಷ್ಠೆ ನಡೆಯಿತು. ಹಿಂದಿನಿಂದ ಬಂದ ಬಳುವಳಿಯಲ್ಲ, ಆ ದಿನಗಳ ತೀರಾ ನಿಜವಾದ ಒಂದು ಬೇಡಿಕೆಯೇ ಅದರ ಅಡಿಗಲ್ಲು. ಇಂದು ಮಂಗಳೂರು ದಸರಾ ಎಂದೊಡನೆ ನೆನಪಾಗುವುದು ಕುದ್ರೋಳಿ. ನಡುವೆ ಆದದ್ದೇನು? ಬರೀ ನೂರು ವರ್ಷ ಕಳೆದದ್ದೇ? ಕಾಲ ಕಳೆದಷ್ಟಕ್ಕೇ ಎಲ್ಲವೂ ಪೂಜ್ಯವಾಗುವುದಿದ್ದರೆ ಊರಿನ ಪಾಳುಮನೆಗಳೆಲ್ಲ ಇಂದು ಕ್ಷೇತ್ರಗಳಾಗಿರಬೇಕಿತ್ತು.

ದೇವರನ್ನೂ ಚೆಂಡನ್ನೂ ಒಂದೇ ತಕ್ಕಡಿಗೆ ಹಾಕುವ ಇರಾದೆ ಇಲ್ಲಿಲ್ಲ. ಹೊಸದೊಂದು ಬೇರುಬಿಡುವ ಬಗೆಯನ್ನು ನಮ್ಮ ಕಣ್ಣೆದುರೇ, ಹತ್ತು ಹನ್ನೆರಡು ವರ್ಷಗಳೊಳಗೆ ನೋಡಲು ಸಿಕ್ಕಿರುವಾಗ ಅದನ್ನು ಗಮನಿಸದೆ ಬಿಡುವುದು ಸರಿಯಲ್ಲ ಎಂಬುದಷ್ಟೇ ಮಾತು. ಅದು ನಮ್ಮ ರಾಜಧಾನಿಯ ಫುಟ್‌ಬಾಲ್ ಕ್ಲಬ್ಬು, ಬೆಂಗಳೂರು ಎಫ್‌ಸಿ.

ಈ ಕ್ಲಬ್ಬು 2013ರ ಜುಲೈಯಲ್ಲಿ ಹುಟ್ಟಿತು. ಹುಟ್ಟಿಸಿದವರು ಉಕ್ಕಿನ ಉದ್ಯಮದ ಜೆಎಸ್‌ಡಬ್ಲ್ಯು ಸಮೂಹದವರು. ಕೆಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುವ ಕಷ್ಟ ಅದಕ್ಕೆ ಬರಲಿಲ್ಲ. ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ನೇರ ಪ್ರವೇಶವೇ ಸಿಕ್ಕಿತು. ಅತ್ತ ಕೋಲ್ಕತ್ತದಲ್ಲಿ 1889ರ ಮೋಹನ್ ಬಾಗಾನ್ ಇತ್ತು, 1920ರ ಈಸ್ಟ್ ಬೆಂಗಾಲ್ ಇತ್ತು. ಅಲ್ಲಿನ ಮಗು ತಾನು ಯಾವ ಕ್ಲಬ್ಬಿನವನೆಂಬುದನ್ನು ಮನೆಯವರಿಂದಲೇ ಪಡೆಯುತ್ತದೆ. ಇತ್ತ ನಮ್ಮಲ್ಲಿ ಒಂದು ಕಂಪನಿ, ಒಂದು ನೀಲಿ ಜೆರ್ಸಿ, ಇಂಗ್ಲೆಂಡಿನಿಂದ ಬಂದ ಆಶ್ಲಿ ವೆಸ್ಟ್‌ವುಡ್ ಎಂಬ ಎಳೆಯ ಕೋಚ್, ಊರೂರಿಂದ ಕಲೆಹಾಕಿದ ಆಟಗಾರರು. ಕಾಸು ಕೊಟ್ಟು ಕಟ್ಟಿದ್ದು ಎಂದು ಜನ ಮೂಗು ಮುರಿದಿದ್ದರೆ ತಪ್ಪೇನಿತ್ತು? ಅದಕ್ಕೆ ಕೆಲವೇ ವರ್ಷ ಮೊದಲು ಮಹೀಂದ್ರ ಯುನೈಟೆಡ್, ಜೆಸಿಟಿ ಎಂಬ ಹೆಸರಾಂತ ಕಂಪನಿ ತಂಡಗಳು ಬಾಗಿಲು ಹಾಕಿದ್ದನ್ನು ದೇಶ ನೋಡಿತ್ತು. ಹಣ ತಂದದ್ದನ್ನು ಹಣವೇ ಒಯ್ಯಬಲ್ಲದು ಎಂಬ ಅನುಮಾನ ವಿವೇಕದ್ದೇ ಆಗಿತ್ತು.

ಆದರೂ ಈ ಕ್ಲಬ್ಬು ಬರಡು ನೆಲದಲ್ಲಿ ಹುಟ್ಟಲಿಲ್ಲ. ಬ್ರಿಟಿಷ್ ಸೈನಿಕ ತಂಡಗಳದೇ ದರ್ಬಾರಾಗಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು 1937ರ ಮಾತು, ಮರುವರ್ಷ ಮತ್ತೂ ಒಮ್ಮೆ. ಸ್ವತಂತ್ರ ಭಾರತ ಮೊದಲ ಬಾರಿಗೆ ಒಲಿಂಪಿಕ್ಸ್ ಫುಟ್‌ಬಾಲಿಗೆ ಇಳಿದ 1948ರ ಲಂಡನ್‌ನಲ್ಲಿ ಫ್ರಾನ್ಸಿನ ವಿರುದ್ಧ ಬಂದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಈಸ್ಟ್ ಬೆಂಗಾಲ್‌ನವರು ಇಂದಿಗೂ ಭಕ್ತಿಯಿಂದ ನೆನೆಯುವ ‘ಪಂಚಪಾಂಡವ’ರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ನಮ್ಮ ಬೆಂಗಳೂರಿನವರು. ಮೈಸೂರು ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಎತ್ತಿತ್ತು.

ಈ ಹೆಸರುಗಳನ್ನು ಮತ್ತೆ ನೆನೆದರೆ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತದೆ. ಮಕ್ಕಳು ನಮ್ಮವರು, ಅವರ ಕೀರ್ತಿ ಬೆಳಗಿದ ಅಂಗಳ ಇನ್ನೊಬ್ಬರದು. ಅಹ್ಮದ್ ಖಾನರ ಕಾಲ್ಚಳಕದ ಕಥೆಗಳನ್ನು ಕೋಲ್ಕತ್ತದ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳಿದರು. ನಮ್ಮ ಅಜ್ಜಂದಿರು ಹೇಳಿದರೇ? ಅವರಿಗೆ ಪ್ರೀತಿ ಕಡಿಮೆಯೆಂದಲ್ಲ. ಕಥೆ ನಿಲ್ಲಲು ಒಂದು ಮನೆ ಬೇಕು, ಆ ಮನೆ ನಮ್ಮಲ್ಲಿರಲಿಲ್ಲ. ಆಮೇಲೆ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳ ತಂಡಗಳು ಆಟಗಾರನಿಗೆ ನೌಕರಿ ಕೊಟ್ಟು ಕಾಪಾಡಿದವು. ಅದು ಸಣ್ಣ ಉಪಕಾರವಲ್ಲ. ಆದರೆ ಅಲ್ಲಿ ಆಟ ನೌಕರಿಯ ನೆರಳಿನಲ್ಲಿತ್ತು, ನೋಡುವವನಿಗೆ ಅಲ್ಲಿ ಪಾಲಿರಲಿಲ್ಲ. ಕಾರ್ಖಾನೆಯ ತಂಡಕ್ಕೆ ನಾವು ಚಪ್ಪಾಳೆ ತಟ್ಟಬಲ್ಲೆವು, ‘ನಾವು ಗೆದ್ದೆವು’ ಎನ್ನುವುದು ಆ ಕಾರ್ಖಾನೆಯವರಿಗಷ್ಟೇ ಸಲ್ಲುವ ಮಾತು.

ಹೊಸ ಕ್ಲಬ್ಬು ತಂದದ್ದು ಇದನ್ನೇ. ಕಾಸು ಕೊಟ್ಟದ್ದು ಕಂಪನಿಯೇ ಆದರೂ ಗೆದ್ದಾಗ ಊರು ‘ನಾವು’ ಎನ್ನಬಹುದಾದ ಒಂದು ಜಾಗ.

ಮೊದಲ ಪಂದ್ಯ ಅಶೋಕನಗರದ ಹಳೆಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ, 2013ರ ಸೆಪ್ಟೆಂಬರ್ 22ರಂದು, ಮೋಹನ್ ಬಾಗಾನ್ ಎದುರು ನಡೆಯಿತು. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದರು. ಪಂದ್ಯ 1-1ರಲ್ಲಿ ಮುಗಿಯಿತು. ಆ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳ ಮೇಲೆ ಒಂದಿಷ್ಟು ಯುವಕ ಯುವತಿಯರು ಸೇರತೊಡಗಿದರು. ಕೂರಲು ಜಾಗವಿದ್ದರೂ ಅವರು ನಿಂತೇ ನೋಡುವವರು. ತೊಂಬತ್ತು ನಿಮಿಷವೂ ತಮಟೆ, ಹಾಡು, ಕೂಗು. ಅದೇ ಜಾಗದ ಹೆಸರಿನಿಂದ ಅವರು ವೆಸ್ಟ್ ಬ್ಲಾಕ್ ಬ್ಲೂಸ್ ಆದರು. ಪಂದ್ಯ ಮುಗಿದೊಡನೆ ಆಟಗಾರರು ಡ್ರೆಸ್ಸಿಂಗ್ ರೂಮಿನ ಹಾದಿ ಹಿಡಿಯದೆ ಆ ಮೆಟ್ಟಿಲುಗಳತ್ತ ನಡೆದುಬರುವರು. ಬೆವರಿಗೆ ಅಂಟಿಕೊಂಡ ಜೆರ್ಸಿ, ಕಣಕಾಲಿಗೆ ಇಳಿದ ಸಾಕ್ಸು. ಸಾಲಾಗಿ ನಿಂತು ಕೈಯೆತ್ತಿ, ನೋಡಿದವರಿಗೆ ಅವರೇ ಚಪ್ಪಾಳೆ ತಟ್ಟುವರು. ಗೆದ್ದ ದಿನವೂ ಹಾಗೆಯೇ, ಸೋತ ದಿನವೂ ಹಾಗೆಯೇ.

ಸಣ್ಣ ಆಚಾರ ಎನಿಸಬಹುದು. ಆದರೆ ಸಂಪ್ರದಾಯವೆಂಬುದು ಹುಟ್ಟುವಾಗ ಇಷ್ಟೇ ಸಣ್ಣದಾಗಿರುತ್ತದಲ್ಲವೇ? ಮೊದಲ ವರ್ಷ ಯಾರೋ ಮಾಡಿದ್ದನ್ನು ಎರಡನೆಯ ವರ್ಷ ಮರೆಯದೆ ಮಾಡಿದಾಗ ಅದು ರೂಢಿ. ಮೂರನೆಯ ವರ್ಷ ಅದನ್ನು ತಪ್ಪಿಸಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ ಎಂದಾದರೆ ಅದು ಕಟ್ಟಳೆ. ಹಳೆಯ ಕ್ಲಬ್ಬುಗಳಿಗೆ ಕಟ್ಟಳೆಗಳು ಹಿರಿಯರಿಂದ ಬಂದಿರುತ್ತವೆ. ಹೊಸ ಕ್ಲಬ್ಬಿನ ಜನರಿಗೆ ಮಾತ್ರ ತಾವೇ ಹಿರಿಯರಾಗುವ ಅವಕಾಶ ಸಿಗುತ್ತದೆ. ಇಪ್ಪತ್ತು ವರ್ಷದ ಹುಡುಗನೊಬ್ಬ ಮುಂದಿನ ತಲೆಮಾರಿನ ಪಾಲಿಗೆ ಮೂಲಪುರುಷನಾಗುವ ಯೋಗ ಬೇರೆಲ್ಲಿದೆ? ಆರಂಭದ ವರ್ಷಗಳ ನಿಜವಾದ ಸಂಪತ್ತು ಇದು. ಆ ವರ್ಷಗಳಲ್ಲಿ ಬದುಕುತ್ತಿರುವವರಿಗೆ ಅದು ಕಾಣುವುದು ಅಪರೂಪ, ಏಕೆಂದರೆ ಅವರ ಕಣ್ಣೆಲ್ಲ ಅಂಕಪಟ್ಟಿಯ ಮೇಲಿರುತ್ತದೆ.

ಅಂಕಪಟ್ಟಿಯೇನೋ ಅವರಿಗೆ ಒಲಿಯಿತು. 2014ರ ಏಪ್ರಿಲ್ 21ರಂದು ಗೋವೆಯ ಫತೋರ್ಡಾದಲ್ಲಿ ಬಲಿಷ್ಠ ಡೆಂಪೊವನ್ನು 4-2ರಿಂದ ಮಣಿಸಿ, ಹುಟ್ಟಿದ ಮೊದಲ ಋತುವಿನಲ್ಲೇ ಬೆಂಗಳೂರು ದೇಶದ ಚಾಂಪಿಯನ್ ಆಯಿತು. ನಾಯಕ ಸುನಿಲ್ ಛೆಟ್ರಿ ಆ ಋತುವಿನಲ್ಲಿ 14 ಗೋಲು ಹೊಡೆದಿದ್ದರು. ಮರುವರ್ಷ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್. ತೊಟ್ಟಿಲಿನಿಂದ ಇಳಿದ ಕೂಸು ನೇರ ಸಿಂಹಾಸನಕ್ಕೇ ಹೋಗಿ ಕುಳಿತಂತಿತ್ತು ಆ ಓಟ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಗೆಲುವು ಜನರನ್ನು ಕರೆತರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಗೆದ್ದವರ ಸುತ್ತ ಸೇರುವವರೆಲ್ಲ ನಂಟರೇ? ಮದುವೆಮನೆಗೆ ಬಂದವರ ಲೆಕ್ಕ ಬೇರೆ, ಮರುದಿನ ಪಾತ್ರೆ ತೊಳೆಯಲು ಉಳಿದವರ ಲೆಕ್ಕ ಬೇರೆ. ಬೆಂಗಳೂರಿನ ಆ ಕ್ಲಬ್ಬಿಗೆ ಉಳಿಯುವವರು ಯಾರೆಂಬುದು ತಿಳಿದದ್ದು ಪ್ರಾಯಶಃ 2015ರ ಮೇ 31ರಂದು. ಕಂಠೀರವ ಕ್ರೀಡಾಂಗಣದಲ್ಲಿ ಲೀಗಿನ ಕೊನೆಯ ಪಂದ್ಯ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಡ್ರಾ ಆದರೂ ಸಾಕು ಪ್ರಶಸ್ತಿ ಬಾಗಾನ್‌ಗೆ. ಜಾನ್ ಜಾನ್ಸನ್ ಗೋಲಿನಿಂದ ನಮ್ಮವರು ಮುಂದಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಬೆಲೊ ರಜಾಕ್ ತಲೆಕೊಟ್ಟ ಚೆಂಡು ಬಲೆಯೊಳಗೆ ಬಿತ್ತು. ತುಂಬಿದ ಮನೆಯಂಗಳದಲ್ಲಿ ಹಬ್ಬ ಆಚರಿಸಿದವರು ಅತಿಥಿಗಳು.

ಅಂದು ಮನೆಗೆ ಮರಳಿದವರ ಎದೆಯಲ್ಲಿ ಏನಿತ್ತು? ಟಿಕೇಟಿನ ದುಡ್ಡು ದಂಡವಾಯಿತು ಎಂಬ ಲೆಕ್ಕಾಚಾರವೇ? ಸರಕು ಕೊಂಡವನಿಗೆ ಸರಕು ಕೆಟ್ಟರೆ ಸಿಟ್ಟು ಬರುತ್ತದೆ, ಸಂಕಟವಾಗುವುದಿಲ್ಲ. ಸಂಕಟವಾಗಬೇಕಿದ್ದರೆ ನಮ್ಮದೇನೋ ಅದರೊಳಗೆ ಸೇರಿಹೋಗಿರಬೇಕು. ಎರಡೇ ವರ್ಷದ ಕೂಸಿಗಾಗಿ ಒಂದು ನಗರ ಅಷ್ಟು ನೊಂದಿತೆಂದರೆ ಆ ಕೂಸು ಕಂಪನಿಯ ಕೈಯಿಂದ ಊರಿನ ಮಡಿಲಿಗೆ ಜಾರಿತ್ತು ಎಂದೇ ಅರ್ಥ. ನಾವು ಯಾವುದಕ್ಕಾಗಿ ನೋಯಬಲ್ಲೆವೋ ಅದು ನಮ್ಮದು. ಒಡೆತನಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಯಾವ ಕಚೇರಿಯಲ್ಲಿದೆ?

ಸೋಲು ಇನ್ನೊಂದನ್ನೂ ಕಲಿಸಿತು. ಮಲೇಷ್ಯಾದ ಜೊಹೊರ್ ತಂಡದೆದುರು ಬೆಂಗಳೂರು 2015ರ ಆರಂಭದಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಸೋತಿತು. ಮರುವರ್ಷ ಎಎಫ್‌ಸಿ ಕಪ್ಪಿನ ಗುಂಪು ಹಂತದಲ್ಲಿ ಅದೇ ತಂಡದೆದುರು ಮತ್ತೆ ಸೋಲು. ಸೆಮಿಫೈನಲ್‌ನಲ್ಲೂ ವಿಧಿ ಅವರನ್ನೇ ತಂದು ನಿಲ್ಲಿಸಿತು. ಅಲ್ಲಿ ಹೋಗಿ 1-1ರ ಸಮ ಮಾಡಿಕೊಂಡು ಬಂದವರು, 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟೂ 3-1ರಿಂದ ಗೆದ್ದರು. ಎರಡು ಗೋಲು ಛೆಟ್ರಿಯವು, ಒಂದು ಹುವಾನನ್‌ದು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಕಪ್ಪಿನ ಫೈನಲ್ ಕಂಡಿರಲಿಲ್ಲ. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತರು ನಿಜ. ಆದರೆ ಮತ್ತೆ ಮತ್ತೆ ಬಿದ್ದ ಜಾಗದಲ್ಲೇ ಎದ್ದು ನಿಂತದ್ದನ್ನು ಕಣ್ಣಾರೆ ನೋಡಿದ ಮಗುವಿಗೆ ಯಾವ ನೀತಿಪಾಠದ ಅಗತ್ಯವಿದೆ?

ಇಷ್ಟೆಲ್ಲ ಹೊಗಳಿದ ಮೇಲೆ ನಾಣ್ಯದ ಮತ್ತೊಂದು ಮುಖವನ್ನು ನೋಡದಿದ್ದರೆ ಅದು ಚಿಂತನೆಯಾಗದು. ಕಂಠೀರವ ಕಟ್ಟಿದ್ದು ಓಟಗಾರರಿಗೂ ಎಸೆತಗಾರರಿಗೂ. ಮೈದಾನದ ಸುತ್ತ ಇರುವುದು ಅವರ ಓಟದ ಹಾದಿ. ಫುಟ್‌ಬಾಲಿನ ಋತು ಉದ್ದವಾದಂತೆ ಅಭ್ಯಾಸಕ್ಕೆ ಜಾಗ, ಹೊತ್ತು ಸಾಲುತ್ತಿಲ್ಲವೆಂದು ಅಥ್ಲೆಟಿಕ್ಸಿನವರು ದನಿಯೆತ್ತಿದರು, ವಿಷಯ ನ್ಯಾಯಾಲಯದವರೆಗೂ ಹೋಯಿತು. ಹೊಸದೊಂದು ಬಂದು ಕೂರುವ ಜಾಗ ಅದಕ್ಕೆ ಮೊದಲು ಬರಿದಾಗಿರುವುದು ಅಪರೂಪ; ಅಲ್ಲಿ ಈಗಾಗಲೇ ಯಾರೋ ಇರುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಓಡುವ ಹುಡುಗಿಯ ಹಿಂದೆ ಕಂಪನಿಯಿಲ್ಲ, ಹಾಡುವ ಗುಂಪಿಲ್ಲ. ನಮ್ಮ ಸಂತೋಷಕ್ಕೆ ಯಾರು ಸರಿದು ಜಾಗ ಕೊಟ್ಟರು ಎಂದು ಕೇಳಿಕೊಳ್ಳದ ‘ನಾವು’ ಬಲುಬೇಗ ಒಂದು ಗುಂಪಾಗುತ್ತದೆ, ಊರಾಗುವುದಿಲ್ಲ. ಮುಚ್ಚಿದ ಬಾಗಿಲಿನ ಅನುಭವದಿಂದಲೇ ಹುಟ್ಟಿದ ಕ್ಷೇತ್ರದ ನೆರೆಯಲ್ಲಿ ಬಾಳುವವರು ನಾವು. ಈ ಮಾತು ನಮಗೆ ಬೇಗ ತಿಳಿಯಬೇಕು.

ಮತ್ತೆ, ಇದೆಲ್ಲ ಎಷ್ಟು ದಿನ? 2017ರಲ್ಲಿ ಕ್ಲಬ್ಬು ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್ ಸೇರಿತು; 2019ರಲ್ಲಿ ಅಲ್ಲಿಯೂ ಚಾಂಪಿಯನ್ ಆಯಿತು. ಆದರೆ 2025ರಲ್ಲಿ ಲೀಗ್ ನಡೆಯುವುದೇ ಅನುಮಾನವೆಂಬ ಸ್ಥಿತಿ ಬಂದಾಗ, ಇದೇ ಕ್ಲಬ್ಬು ಆಟಗಾರರ, ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಬೇಕಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಫೈನಲ್ ಆಡಿದ ತಂಡ ಆಗಸ್ಟಿಗೆ ನಾಳೆಯೇನೆಂದು ತಿಳಿಯದೆ ನಿಂತಿತು.

ಕರಾವಳಿಯ ನಾವು ಇದನ್ನು ಯಕ್ಷಗಾನದಲ್ಲಿ ಕಂಡಿದ್ದೇವೆ. ಡೇರೆ ಮೇಳಗಳ ವೈಭವದ ಕಾಲ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಟಿಕೇಟು ಕೊಂಡು ಒಳಗೆ ಹೋದರೆ ಸುರತ್ಕಲ್ ಮೇಳದಲ್ಲಿ ಅಗರಿ ಶ್ರೀನಿವಾಸ ಭಾಗವತರ ಪದ, ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು. ಕರ್ನಾಟಕ ಮೇಳದಲ್ಲಿ ತುಳು ಪ್ರಸಂಗಗಳ ಅಬ್ಬರ. ಕಲೆಯಲ್ಲಿ ಕೊರತೆಯಿರಲಿಲ್ಲ, ಜನಕ್ಕೂ ಕೊರತೆಯಿರಲಿಲ್ಲ. ಆದರೂ ಯಜಮಾನನಿಗೆ ನಷ್ಟ ತಾಳಲಾಗದ ದಿನ ಆ ಡೇರೆಗಳು ಮಡಚಿಕೊಂಡವು. ಅತ್ತ ಕಟೀಲು ಮೇಳದ ಒಂದು ಆಟಕ್ಕೆ ಹರಕೆ ಹೇಳಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ವ್ಯತ್ಯಾಸ ಎಲ್ಲಿದೆ? ಡೇರೆಯಲ್ಲಿ ನೋಡುವವನು ಗಿರಾಕಿ. ಹರಕೆಯ ಆಟದಲ್ಲಿ ಆಡಿಸುವವನು ಅವನೇ. ಚಪ್ಪರ ಅವನದು, ಊಟ ಅವನದು, ನೆರೆಕರೆಯನ್ನು ಕರೆಯುವ ಹೊಣೆಯೂ ಅವನದು. ಅಲ್ಲಿ ಕಲೆಯ ಭಾರವನ್ನು ಒಬ್ಬ ಯಜಮಾನ ಹೊರುವುದಿಲ್ಲ, ಹತ್ತು ಸಮಸ್ತರು ಹಂಚಿಕೊಂಡು ಹೊರುತ್ತಾರೆ.

ವೃತ್ತಿಪರ ಕ್ಲಬ್ಬಿಗೆ ಯಜಮಾನ ಬೇಕು, ಸಂದೇಹವಿಲ್ಲ. ಆಟಗಾರನ ಮನೆಯ ಒಲೆ ಉರಿಯಬೇಕಲ್ಲ. ವೃತ್ತಿಪರತೆಯ ಘನತೆಯೇ ಅದು: ಆಡುವುದು ಗಂಡಸಾಗಲಿ ಹೆಂಗಸಾಗಲಿ, ಆಟವೂ ಒಂದು ದುಡಿಮೆಯೆಂದು ಒಪ್ಪಿ ಕೂಲಿ ಕೊಡುವುದು. ಆದರೆ ಬರೀ ಯಜಮಾನನ ಮೇಲೆ ನಿಂತದ್ದು ಡೇರೆಯ ಹಾಗೆ ಎಂದಾದರೂ ಮಡಚಿಕೊಳ್ಳಬಹುದು. 2018ರ ಜೂನ್‌ನಲ್ಲಿ ಮುಂಬೈಯ ಖಾಲಿ ಗ್ಯಾಲರಿಗಳ ಎದುರು ಆಡಿದ ಮೇಲೆ ಛೆಟ್ರಿ ದೇಶವನ್ನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಬೈಯಿರಿ, ಟೀಕಿಸಿರಿ, ಆದರೆ ಬಂದು ನೋಡಿರಿ ಎಂಬರ್ಥದ ಮಾತು ಅದು. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದವನೂ ಕೊನೆಗೆ ಕೈಯೊಡ್ಡಿದ್ದು ಹಣಕ್ಕಲ್ಲ, ಹಾಜರಿಗೆ.

ಹಾಗಾದರೆ ನಮ್ಮ ಊರಿನ ಮಾತೇನು? ನಮ್ಮ ಕಡೆ ಫುಟ್‌ಬಾಲ್ ಮಳೆಯ ಆಟ. ಆಗಸ್ಟಿನಲ್ಲಿ ಜಿಲ್ಲಾ ಫುಟ್‌ಬಾಲ್ ಅಸೋಸಿಯೇಷನ್ ಶಾಲಾ ಕಾಲೇಜು ತಂಡಗಳಿಗೆ ಸ್ವಾತಂತ್ರ್ಯೋತ್ಸವದ ಪಂದ್ಯಾವಳಿ ನಡೆಸುವಾಗ ನೆಹರೂ ಮೈದಾನಕ್ಕೊಮ್ಮೆ ಹೋಗಿ ನೋಡಬೇಕು. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ನೀರಾಗಿರುತ್ತದೆ. ಗೋಲಿನ ಮುಂದಿನ ಹೊಂಡಕ್ಕೆ ಬಂದ ಚೆಂಡು ತೊಪ್ಪೆಂದು ಅಲ್ಲೇ ಕೂರುತ್ತದೆ. ಅದನ್ನು ಎಬ್ಬಿಸಲು ಹೋದ ನಾಲ್ವರು ಜಾರಿ ಬಿದ್ದು ಒಂದೇ ಬಣ್ಣದವರಾಗುತ್ತಾರೆ. ಬಾವುಟಗುಡ್ಡೆಯ ಕಾಲೇಜಿನವನು, ಬಂದರಿನವನು, ಕುದ್ರೋಳಿಯವನು, ಬೂಟಿನ ಲೇಸು ಕೊರಳಿಗೆ ಹಾಕಿಕೊಂಡು ದೋಣಿಯಲ್ಲಿ ಹೊಳೆ ದಾಟಿ ಬಂದ ಕಸಬ ಬೆಂಗ್ರೆಯವನು, ಯಾರು ಯಾರೆಂದು ಆ ಕೆಸರಿನಲ್ಲಿ ಹೇಳಲಾಗದು. ವಿಶ್ವಕಪ್ ಬಂದಾಗ ಬ್ರೆಜಿಲ್, ಅರ್ಜೆಂಟೀನಾದ ಬಾವುಟ ಕಟ್ಟುವ ಈ ಹುಡುಗರು ಇಪ್ಪತ್ತು ದಾಟಿದೊಡನೆ ಏನಾಗುತ್ತಾರೆ? ಕೆಲವರು ಕೊಲ್ಲಿಗೆ, ಕೆಲವರು ಬೋಟಿಗೆ, ಕೆಲವರು ಬೆಂಗಳೂರಿನ ಕಚೇರಿಗೆ. ಬೆಂಗಳೂರು ಒಂದು ಕಾಲಕ್ಕೆ ಅಹ್ಮದ್ ಖಾನರನ್ನು ಕೋಲ್ಕತ್ತಕ್ಕೆ ಕಳಿಸಿತ್ತು. ನಾವಾದರೋ ನಮ್ಮ ಹುಡುಗರನ್ನು ಆಟದಿಂದಲೇ ಆಚೆ ಕಳಿಸುತ್ತಿದ್ದೇವೆ.

ಮಂಗಳೂರಿಗೂ ಒಂದು ದೊಡ್ಡ ಕ್ಲಬ್ಬು ಬರಲಿ, ಯಾರಾದರೂ ಉದ್ಯಮಿ ಕೈಯೆತ್ತಿ ಕೊಡಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ಆದರೆ ಮೊದಲು ಕ್ಲಬ್ಬು ಬರಲಿ, ಆಮೇಲೆ ನಾವು ಬರುತ್ತೇವೆ ಎಂಬ ಎಣಿಕೆ ಗಿರಾಕಿಯದು. ಕುದ್ರೋಳಿಯ ಹಿರಿಯರು ಗೋಪುರ ಏಳಲಿ, ಆಮೇಲೆ ಕೈಮುಗಿಯೋಣ ಎಂದು ಕಾದು ಕುಳಿತಿದ್ದರೆ ಇಂದು ಅಲ್ಲಿ ಯಾವ ದಸರಾ ನಡೆಯುತ್ತಿತ್ತು? ಹೊಸತಿನ ಎಳೆಯ ವರ್ಷಗಳಲ್ಲಿ ಅದರಿಂದ ನಮಗೇನು ಸಿಗುತ್ತದೆ ಎಂದು ಕೇಳಿದರೆ ಉತ್ತರ ಯಾವಾಗಲೂ ಕಡಿಮೆಯೇ ಬರುತ್ತದೆ. ನಮ್ಮಿಂದ ಅದಕ್ಕೇನು ಸಿಕ್ಕೀತು ಎಂದು ಕೇಳಿದ ಒಂದಿಷ್ಟು ಜನರಿಂದಲೇ ಅದು ಹಳೆಯದಾಗುವವರೆಗೆ ಬದುಕುತ್ತದೆ.

ಕೊಡಲು ನಮ್ಮಲ್ಲಿ ಏನಿಲ್ಲ? ಒಂದು ಸಂಜೆಯ ಎರಡು ಗಂಟೆ ಇದೆ, ಒಂದು ಕೊಡೆ ಇದೆ, ನೆರೆಮನೆಯ ಹುಡುಗನ ಹೆಸರು ಹಿಡಿದು ಕೂಗಬಲ್ಲ ಗಂಟಲಿದೆ. ಹತ್ತು ಮನೆ ಸೇರಿದರೆ ಒಬ್ಬನಿಗೆ ಒಳ್ಳೆಯ ಬೂಟು ಬರುತ್ತದೆ; ಓದಿನ ವರ್ಷ ಆಡಲು ಬಿಡಿ ಎಂದು ಅವನ ಮನೆಯವರಿಗೆ ಹೇಳುವ ಹಿರಿತನವೂ ನಮ್ಮಲ್ಲಿದೆ. ಇಷ್ಟು ಕೂಡಿದ ಊರಿಗೆ ಕ್ಲಬ್ಬೊಂದು ಬಂದರೆ ಅದು ಬಂದ ದಿನವೇ ಅರ್ಧ ಹಳೆಯದಾಗಿರುತ್ತದೆ. ಬಾರದಿದ್ದರೆ? ಆ ಹುಡುಗ ಆಡಿದ್ದನ್ನು ನಾವು ನೋಡಿರುತ್ತೇವೆ, ಅವನನ್ನು ನೋಡಿದವರು ಈ ಊರಲ್ಲಿ ಇದ್ದರು ಎಂಬುದು ಅವನಿಗೂ ಗೊತ್ತಿರುತ್ತದೆ. ಅಷ್ಟಾದರೂ ಆಗದಿದ್ದ ಮೇಲೆ ಕ್ಲಬ್ಬು ಬಂದೂ ನಮಗಾಗುವುದೇನು?